ಶನಿವಾರದ ಸಹಿ

ಸೇತುವೆ ವಿಭಾಗದಲ್ಲಿ ಅವರನ್ನು ಹೆಸರು ಹಿಡಿದು ಕರೆದವರು ಯಾರೂ ಇಲ್ಲ. ಬೆನ್ನ ಹಿಂದೆ ‘ಸುತ್ತಿಗೆ’, ಎದುರಿಗೆ ‘ಸುತ್ತಿಗೆಯಣ್ಣ’. ಈಗ ನೋಡಿದರೆ ಉದ್ದುದ್ದ ಬಿರುದು ಬರೆಸಿ ಅವರ ಪಟವನ್ನು ಕಚೇರಿಯ ಗೋಡೆಗೆ ತೂಗುಹಾಕಿದ್ದಾರೆ. ಬದುಕಿದ್ದಾಗ ಕೈ ಮುರಿದ ಕುರ್ಚಿಯೂ ಬದಲಾಗದವರಿಗೆ ಸತ್ತ ಮೇಲೆ ಚೌಕಟ್ಟು ಸಿಕ್ಕಿದೆ. ಆ ಪಟದ ಮುಂದೆ ದಿನಕ್ಕೆ ನಾಲ್ಕು ಸಲ ಹಾದುಹೋಗುವವಳು ನಾನು. ನೌಕರರ ಸಂಘದವರು ಬಂದು, “ಮೇಡಂ, ನೀವು ಅವರ ಹತ್ರ ಕೆಲಸ ಕಲಿತವರು, ನಾಲ್ಕು ಮಾತು ಬರೆದುಕೊಡಿ” ಎಂದಾಗ, “ಬರೆದರೆ ನಿಜ ಬರೀತೀನಿ, ಆಮೇಲೆ ಬಾಯಿ ಬಾಯಿ ಬಡ್ಕೋಬೇಡಿ” ಎಂದೆ. ಅವರು ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ಅವರ ಅಪ್ಪ ರಸ್ತೆ ಬದಿಯಲ್ಲಿ ಜಲ್ಲಿ ಒಡೆಯುತ್ತಿದ್ದವರು. ಹತ್ತೊಂಬತ್ತನೇ ವಯಸ್ಸಿಗೆ ಇವರು ಇಲಾಖೆಗೆ ಬಂದದ್ದು ದಿನಗೂಲಿಯವರಾಗಿ, ಅಳತೆ ಟೇಪಿನ ಒಂದು ತುದಿ ಹಿಡಿಯುವುದಕ್ಕೆ. ಇನ್ನೊಂದು ತುದಿ ಹಿಡಿದವನು ಅಂಕಿ ಓದುತ್ತಾನೆ. ಇವರದು ಬಿಸಿಲಲ್ಲಿ ಕಂಬದಂತೆ ನಿಲ್ಲುವ ಕೆಲಸ. “ಅವನು ಏನು ಓದ್ತಾನೆ ಅಂತ ತಿಳ್ಕೊಳ್ಳೋ ಚಟ ಹತ್ತಿಬಿಡ್ತು ತಂಗಿ, ಅಲ್ಲಿಂದಲೇ ಹಾಳಾಗಿದ್ದು ನಾನು” ಎನ್ನುತ್ತಿದ್ದರು. ಹಗಲೆಲ್ಲ ಟೇಪು, ಸಂಜೆ ತರಗತಿ. ಮೂರು ವರ್ಷದ ಡಿಪ್ಲೊಮಾವನ್ನು ಆರು ವರ್ಷಕ್ಕೆ ಮುಗಿಸಿ, ಅದೇ ವಿಭಾಗದಲ್ಲಿ ಕಿರಿಯ ಎಂಜಿನಿಯರ್ ಆದರು. ಅಲ್ಲಿಂದ ಮುಂದೆ ಇಡೀ ಜೀವಮಾನ ಸೇತುವೆಗಳ ಮೇಲೆ ಅಲ್ಲ, ಸೇತುವೆಗಳ ಕೆಳಗೆ ಕಳೆದರು.

ಹನ್ನೊಂದು ವರ್ಷದ ಹಿಂದೆ ನಾನು ಪದವಿ ಹಿಡಿದುಕೊಂಡು ಹೊಸದಾಗಿ ಬಂದಾಗ, ಮೊದಲ ದಿನವೇ ನನ್ನನ್ನು ಒಂದು ಹಳೆಯ ಸೇತುವೆಯ ಕೆಳಗೆ ಇಳಿಸಿದರು. ಮೊಣಕಾಲುದ್ದ ಕೆಸರು, ಮೇಲೆ ಲಾರಿಗಳ ಗುಡುಗು. ಕೈಯಲ್ಲೊಂದು ಸಣ್ಣ ಸುತ್ತಿಗೆ. ಕಾಂಕ್ರೀಟಿಗೆ ಬಡಿದು, “ಇದು ಕೇಳು” ಎಂದರು. ಠಣ್ ಎಂದಿತು. ಒಂದು ಗೇಣು ಆಚೆ ಬಡಿದು, “ಈಗ ಇದು” ಎಂದರು. ದಬ್ ಎಂದಿತು. “ಠಣ್ ಅಂದ್ರೆ ಗಟ್ಟಿ. ದಬ್ ಅಂದ್ರೆ ಒಳಗೆ ಕಬ್ಬಿಣ ತುಕ್ಕು ಹಿಡಿದು ಕಾಂಕ್ರೀಟು ಬಿಟ್ಕೊಂಡಿದೆ. ಇಷ್ಟೇ ವಿದ್ಯೆ. ಮಿಕ್ಕಿದ್ದು ಬೆನ್ನು ನೋವು.” ನನಗೆ ನಗು ಬಂತು. ನಾಲ್ಕು ವರ್ಷ ಓದಿದ್ದೆ, ಅದರಲ್ಲಿ ಒಂದು ಕಡೆಯೂ ದಬ್ ಇರಲಿಲ್ಲ.

ನಗುವ ವಿಷಯವಾಗಿರಲಿಲ್ಲ. ಅವರು ನೋಡಿಕೊಂಡ ಸೇತುವೆಗಳಲ್ಲಿ ಒಂದೂ ಬಿದ್ದಿರಲಿಲ್ಲ. ಮೂರನ್ನು ಮಾತ್ರ ‘ಇನ್ನು ಇದರ ಮೇಲೆ ಇರುವೆಯೂ ಹೋಗಕೂಡದು’ ಎಂದು ಬರೆದು, ಸಹಿ ಹಾಕಿ ಮುಚ್ಚಿಸಿದ್ದರು. ಮೂರು ಸಲವೂ ಬಸ್ಸಿನವರು, ಅಂಗಡಿಯವರು, ಮೇಲಿನವರು ಎಲ್ಲರೂ ಸೇರಿ ಅವರ ಜನ್ಮ ಜಾಲಾಡಿದರು. ಆಮೇಲೆ ಒಡೆದು ನೋಡಿದಾಗ ಒಳಗಿನ ಸರಳುಗಳು ಬೆರಳಲ್ಲಿ ಪುಡಿಯಾಗುತ್ತಿದ್ದವು. ಆಗಲೂ ಯಾರೂ ಶಹಭಾಸ್ ಅನ್ನಲಿಲ್ಲ. ಬೀಳದ ಸೇತುವೆಗೆ ಯಾರು ಶಹಭಾಸ್ ಅಂತಾರೆ ಹೇಳಿ.

ಹೀಗಿದ್ದಾಗ ಆ ಸುತ್ತೋಲೆ ಬಂತು. ಇನ್ನು ಮೇಲೆ ಸೇತುವೆಯ ತಪಾಸಣಾ ವರದಿಗೆ ಸಹಿ ಹಾಕಬೇಕಾದವರು ‘ಮೂಲಸೌಕರ್ಯ ನಿರ್ವಹಣೆ’ಯ ಸ್ನಾತಕೋತ್ತರ ತರಬೇತಿಯ ಲಿಖಿತ ಪರೀಕ್ಷೆ ಪಾಸಾಗಿರಬೇಕು. ಶನಿವಾರ, ಭಾನುವಾರ ಪಾಠ, ಎರಡು ವರ್ಷ. ಕೊನೆಗೊಂದು ಪ್ರಬಂಧ, ಅದರ ಮೇಲೆ ವೈವಾ ಎಂಬ ಬಾಯಿಮಾತಿನ ಪರೀಕ್ಷೆ. ಅದು ಮುಗಿದರೆ ಪ್ರಮಾಣಪತ್ರ, ಪ್ರಮಾಣಪತ್ರ ಇದ್ದವರಿಗೇ ಬಡ್ತಿ. ಡಿಪ್ಲೊಮಾದವರಿಗೂ ಅನುಭವ ನೋಡಿ ಪ್ರವೇಶ ಕೊಡುತ್ತಾರೆ ಎಂದು ಕೊನೆಯಲ್ಲಿ ದೊಡ್ಡ ಉಪಕಾರದ ಹಾಗೆ ಬರೆದಿದ್ದರು. ಸುತ್ತಿಗೆಯಣ್ಣ ಅದನ್ನು ನಿಂತುಕೊಂಡೇ ಎರಡು ಸಲ ಓದಿದರು.

“ಅಂದ್ರೆ ಸೋಮವಾರದಿಂದ ನಾನು ನೋಡಬಹುದು, ಹೇಳಬಾರದು. ಹಾಗಲ್ವಾ ತಂಗಿ?”

“ಎರಡು ವರ್ಷ ಅಣ್ಣ, ಕಣ್ಣು ಮುಚ್ಚಿ ಬಿಡೋದ್ರಲ್ಲಿ ಮುಗಿಯುತ್ತೆ” ಎಂದೆ.

“ಅರವತ್ತಕ್ಕೆ ಅರಳು ಮರಳು ಅಂತಾರೆ. ನಂಗೆ ಐವತ್ತಮೂರಕ್ಕೇ ಬಂತು ನೋಡು” ಎಂದರು. ನಕ್ಕರು. ಆದರೆ ಅವತ್ತು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಲಿಲ್ಲ.

ತರಬೇತಿ ಸಂಸ್ಥೆಯದು ಮೂರನೇ ಮಹಡಿ. ಕಟ್ಟಡಗಳನ್ನು ಹೇಗೆ ಕಾಪಾಡಬೇಕು ಎಂದು ಹೇಳಿಕೊಡುವ ಆ ಜಾಗದಲ್ಲಿ ಲಿಫ್ಟು ಕೆಟ್ಟು ಕೂತಿತ್ತು, ತರಗತಿಯ ಒಂದು ಮೂಲೆಯಲ್ಲಿ ಸೋರುವುದಕ್ಕೆ ಬಕೆಟ್ಟು ಇಟ್ಟಿದ್ದರು. ನಾವಿಬ್ಬರೂ ಸೇರಿ ಇಪ್ಪತ್ತಾರು ಜನ ವಿದ್ಯಾರ್ಥಿಗಳು. ಅರ್ಧದಷ್ಟು ಜನಕ್ಕೆ ಕೂದಲು ನರೆತಿತ್ತು, ಉಳಿದವರಲ್ಲಿ ಕೆಲವರಿಗೆ ಕೂದಲೇ ಇರಲಿಲ್ಲ. ಬರೆಯುವ ಹಲಗೆ ಅಂಟಿಸಿದ ಪುಟ್ಟ ಕುರ್ಚಿಗಳಲ್ಲಿ ಸುತ್ತಿಗೆಯಣ್ಣನ ಮೈ ಹಿಡಿಸುತ್ತಿರಲಿಲ್ಲ. ಹಲಗೆ ಎತ್ತಿ, ಉಸಿರು ಬಿಗಿಹಿಡಿದು ಒಳಗೆ ಕೂತು, ಹಲಗೆ ಇಳಿಸಿಕೊಳ್ಳುತ್ತಿದ್ದರು. “ಸಂಜೆ ತನಕ ಲಾಕಪ್” ಎನ್ನುತ್ತಿದ್ದರು. ಮೊದಲ ತಿಂಗಳು ಅವರೇ ಎಲ್ಲರಿಗಿಂತ ಖುಷಿಯಾಗಿದ್ದರು. ಬೆಳಗ್ಗೆ ಬೇಗ ಬಂದು ಮುಂದಿನ ಸಾಲಿನಲ್ಲಿ ಕೂತು, ಎರಡು ಬಣ್ಣದ ಪೆನ್ನಿನಲ್ಲಿ ಟಿಪ್ಪಣಿ ಬರೆದುಕೊಳ್ಳುವರು.

ಎಡವಟ್ಟಾಗಿದ್ದು ‘ಸ್ಥಿತಿ ಮೌಲ್ಯಮಾಪನ’ ಎಂಬ ವಿಷಯದಲ್ಲಿ. ಅದನ್ನು ಸರಳವಾಗಿ ಹೇಳುತ್ತೇನೆ, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಸೇತುವೆಯನ್ನು ಏಳು ಭಾಗ ಮಾಡುವುದು: ಕಂಬ, ಕಂಬದ ತಲೆ, ತೊಲೆ, ಚಪ್ಪಡಿ, ಡಾಂಬರು, ಕಟಕಟೆ, ನೀರು ಹೋಗುವ ಕಿಂಡಿ. ಪ್ರತಿ ಭಾಗಕ್ಕೂ ಒಂದರಿಂದ ಐದರವರೆಗೆ ಅಂಕ. ಐದು ಅಂದರೆ ಹೊಸತು, ಒಂದು ಅಂದರೆ ಹೋಯಿತು. ಏಳನ್ನೂ ಕೂಡಿ ಏಳರಿಂದ ಭಾಗಿಸಿದರೆ ಬರುವ ಸರಾಸರಿಯೇ ಸೂಚ್ಯಂಕ. ಎರಡಕ್ಕಿಂತ ಕೆಳಗೆ ಬಂದರೆ ಸೇತುವೆ ಮುಚ್ಚಬೇಕು. ಮೇಲಿದ್ದರೆ ಸರದಿಯಲ್ಲಿ ನಿಲ್ಲಿಸಿ ರಿಪೇರಿ. ಸಹಿ ಹಾಕುವವರಿಗೆ ಸೂಚ್ಯಂಕ ಮೀರಿ ಮುಚ್ಚುವ ಅಧಿಕಾರವೂ ಇತ್ತು, ಒಂದು ಸಾಲು ಕಾರಣ ಬರೆದರೆ ಸಾಕು. ಆದರೆ ಆ ಸಾಲನ್ನು ಯಾರೂ ಬರೆಯುತ್ತಿರಲಿಲ್ಲ. ಬರೆದರೆ, ‘ಹಾಗಾದರೆ ಲೆಕ್ಕ ಯಾಕೆ ಕಲಿತಿರಿ’ ಎಂದು ಕೇಳುತ್ತಿದ್ದರು.

ಕನ್ನಡಕದ ಮೇಷ್ಟ್ರು ಇದನ್ನು ಬೋರ್ಡಿನ ಮೇಲೆ ಬರೆದು ಮುಗಿಸುವಷ್ಟರಲ್ಲಿ ಸುತ್ತಿಗೆಯಣ್ಣ ಕೈ ಎತ್ತಿದ್ದರು.

“ಸರ್, ಒಂದು ಅನುಮಾನ. ನಮ್ಮನೇಲಿ ಏಳು ಜನ ಇದೀವಿ ಅಂತ ಇಟ್ಕೊಳ್ಳಿ. ಆರು ಜನ ಗುಂಡುಕಲ್ಲಿನ ಹಾಗಿದ್ದಾರೆ, ಒಬ್ಬರಿಗೆ ಎದೆನೋವು. ಸರಾಸರಿ ಮನೆ ಆರೋಗ್ಯವಾಗಿದೆ ಅಂತ ಆಸ್ಪತ್ರೆಗೆ ಹೋಗದೆ ಕೂರ್ತೀವಾ?”

ತರಗತಿ ಗೊಳ್ಳೆಂದಿತು. ಮೇಷ್ಟ್ರೂ ನಕ್ಕರು. “ಒಳ್ಳೆ ಉದಾಹರಣೆ. ಆದ್ರೆ ಯಜಮಾನರೇ, ಪರೀಕ್ಷೇಲಿ ಇದನ್ನ ಬರೀಬೇಡಿ.”

ಬರೆದರು. ಆ ಮಹಾನುಭಾವ ಅದನ್ನೇ ಬರೆದರು! ಹದಿನೈದು ಅಂಕದ ಪ್ರಶ್ನೆಗೆ ಸೊನ್ನೆ. ಉಳಿದೆಲ್ಲ ವಿಷಯಗಳಲ್ಲಿ ಪಾಸು, ಅದೊಂದರಲ್ಲಿ ನಪಾಸು. ನಾನು ಆ ವಿಷಯದಲ್ಲಿ ತರಗತಿಗೇ ಮೊದಲು. ಹೀಗೆ ಅವರ ಹತ್ತಿರ ಕೆಲಸ ಕಲಿತ ನನಗೆ ಸಹಿ ಬಂತು, ಕಲಿಸಿದವರಿಗೆ ಬರಲಿಲ್ಲ. ಅವರು ಸೇತುವೆ ಕೆಳಗೆ ಇಳಿದು ನೋಡಿ ಬಂದು ಹೇಳುವುದು, ನಾನು ಮೇಜಿನ ಮುಂದೆ ಕೂತು ಅಂಕ ತುಂಬಿ ಸಹಿ ಹಾಕುವುದು. ಒಂದು ದಿನವೂ ಮುಖ ಗಂಟಿಕ್ಕಲಿಲ್ಲ. ಗಂಟಿಕ್ಕಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಎರಡನೇ ಸಲ ಪರೀಕ್ಷೆ ಕಟ್ಟುವಾಗ ನಾನೇ ಅವರ ಮನೆಗೆ ಹೋಗಿ ಹೇಳಿಕೊಟ್ಟೆ. ಮುಂದಿನ ಕೋಣೆ ತುಂಬ ಹೊಲಿಗೆ; ಅತ್ತಿಗೆ, ಅಂದರೆ ಅವರ ಹೆಂಡತಿ, ಶಾಲೆಗಳ ಸಮವಸ್ತ್ರ ಹೊಲಿಯುತ್ತಿದ್ದರು. ಮಕ್ಕಳಿರಲಿಲ್ಲ, ಇಬ್ಬರೇ. ಮಿಷನ್ ತುಳಿಯುತ್ತಲೇ ಅತ್ತಿಗೆ ಗಂಡನಿಗೆ ಪ್ರಶ್ನೆ ಕೇಳುವರು, ಕಾಲರು ಮಗುಚುವಷ್ಟರಲ್ಲಿ ಉತ್ತರ ಬರಬೇಕು. “ನೋಡು, ಇವರಿಗೆ ಉತ್ತರ ಬರಲ್ಲ ಅಂತೇನಿಲ್ಲ. ಪ್ರಶ್ನೇನೇ ತಪ್ಪು ಅಂತಾರೆ. ಇಂಥವರನ್ನ ಕಟ್ಕೊಂಡು ಇಪ್ಪತ್ತೆಂಟು ವರ್ಷ ಏಗಿದೀನಿ” ಎಂದರು.

“ಅಣ್ಣ, ಗಿಣಿಪಾಠ ಒಪ್ಪಿಸಿ ಬನ್ನಿ. ಸಹಿ ಕೈಗೆ ಬಂದ ಮೇಲೆ ನಿಮ್ಮಿಷ್ಟ ಬಂದ ಹಾಗೆ ಬರೀರಿ” ಎಂದು ಕೈಮುಗಿದೆ.

ಆಯ್ತು ಆಯ್ತು ಎಂದು ಹೋದರು. ಸೂತ್ರ ಬರೆದರು, ಲೆಕ್ಕ ಮಾಡಿದರು, ಉತ್ತರ ಸರಿಯಾಗಿ ತೆಗೆದರು. ಆಮೇಲೆ ಅದರ ಕೆಳಗೆ ಗೆರೆ ಎಳೆದು, ‘ಆದರೆ ಇದು ತಪ್ಪು, ಸೇತುವೆ ಸರಾಸರಿಯಲ್ಲಿ ಬೀಳುವುದಿಲ್ಲ, ಕೆಟ್ಟ ಜಾಗದಲ್ಲಿ ಬೀಳುತ್ತದೆ’ ಎಂದು ಒಂದು ಪುಟ ಬರೆದರು. ನಾಲ್ಕು ಅಂಕಕ್ಕೆ ಮತ್ತೆ ನಪಾಸು. ಫಲಿತಾಂಶದ ದಿನ ನಾನು ಅವರ ಮೇಲೆ ಕೂಗಾಡಿಬಿಟ್ಟೆ. ಹಟಮಾರಿ, ತಲೆಕೆಟ್ಟ ಮುದುಕ ಎಂದೆಲ್ಲ ಅಂದೆ. “ಕೈ ಕೇಳಲಿಲ್ಲ ತಂಗಿ” ಎಂದರು. ಅಷ್ಟೇ.

ಇನ್ನು ಆ ಸೇತುವೆ. ಊರಿನ ಹೊಳೆಯ ಮೇಲಿನದು, ಐದು ಕಂಬದ್ದು, ಆಚೆ ದಡದ ಗಿರಣಿಗಳಿಗೆ ಹೋಗುವ ಒಂದೇ ದಾರಿ. ಹಿಂದಿನ ವರ್ಷವಷ್ಟೇ ಹೊಸ ಡಾಂಬರು ಹಾಕಿ, ಕಟಕಟೆಗೆ ಹೊಸ ಕಬ್ಬಿಣ ಕೂರಿಸಿ ಬಣ್ಣ ಬಳಿದು, ಕಿಂಡಿಗಳನ್ನೆಲ್ಲ ತೆರವು ಮಾಡಿಸಿದ್ದರು. ಮೇಲೆ ಥಳಕು, ಒಳಗೆ ಹುಳುಕು. ನನ್ನ ಪ್ರಬಂಧಕ್ಕೆ ನಾನು ಆರಿಸಿಕೊಂಡ ಹದಿನಾಲ್ಕು ಸೇತುವೆಗಳಲ್ಲಿ ಅದೂ ಒಂದು. ಪ್ರಬಂಧದ ಸಾರಾಂಶ ಇಷ್ಟೇ: ಅನುಭವಿಗಳ ಕಣ್ಣು ಕಿವಿಗಿಂತ ಸೂಚ್ಯಂಕವೇ ಹೆಚ್ಚು ನಂಬಿಕಸ್ಥ. ಆ ಸೇತುವೆಗೆ ನಾನು ಕೊಟ್ಟಿದ್ದ ಸೂಚ್ಯಂಕ ಮೂರು ದಶಾಂಶ ಆರು. ‘ಸುಸ್ಥಿತಿ’ ಎಂದು ಹಸಿರು ಬಣ್ಣದಲ್ಲಿ ತೋರಿಸಿದ್ದೆ.

ವೈವಾ ಶನಿವಾರ. ಅದೇ ವಾರದ ಮಂಗಳವಾರ ಬೆಳಗ್ಗೆ ಸುತ್ತಿಗೆಯಣ್ಣ ಪ್ಯಾಂಟು ಮೊಣಕಾಲ ತನಕ ಮಡಚಿಕೊಂಡೇ ನನ್ನ ಮೇಜಿನ ಹತ್ತಿರ ಬಂದರು. ಕೆಸರು ಇನ್ನೂ ಒಣಗಿರಲಿಲ್ಲ.

“ಎರಡನೇ ಕಂಬದ ತಲೆ ಹೋಗಿದೆ. ಬಾ, ಒಂದ್ಸಲ ನೀನೇ ಕೇಳು.”

ಹೋದೆ. ಕಂಬದ ತಲೆ ಅಂದರೆ ತೊಲೆ ಕೂರುವ ಜಾಗ. ಮೇಲಿನ ಭಾರವೆಲ್ಲ ಅಲ್ಲಿ ಇಳಿಯಬೇಕು. ಏಣಿ ಹಾಕಿಸಿ ಹತ್ತಿದೆ. ಅವರು ಸುತ್ತಿಗೆಯನ್ನು ನನ್ನ ಕೈಗೇ ಕೊಟ್ಟರು. ಬಡಿದೆ. ದಬ್. ಪಕ್ಕದಲ್ಲಿ ಬಡಿದೆ. ದಬ್. ಉದ್ದಕ್ಕೂ ಬಡಿಯುತ್ತ ಹೋದೆ, ಒಂದೇ ಒಂದು ಕಡೆ ಠಣ್ ಎನ್ನಲಿಲ್ಲ. ಮೇಲೆ ಬಸ್ಸೊಂದು ಹೋದಾಗ ಒಳಗಿನಿಂದ ಒಂದು ಹಿಡಿ ಪುಡಿ ನನ್ನ ತೋಳಿನ ಮೇಲೆ ಸುರಿಯಿತು.

“ಕೇಳಿಸ್ತಾ?”

“ಕೇಳಿಸ್ತು.”

ಇದನ್ನು ಬರೆಯದೆ ಬಿಡಬಹುದಿತ್ತು. ಕೇಳಿಸಲಿಲ್ಲ, ನನಗೆ ಅವರಷ್ಟು ಕಿವಿ ಇಲ್ಲ ಎಂದು ತಿಪ್ಪೆ ಸಾರಿಸಬಹುದಿತ್ತು. ಸುಳ್ಳು. ಕಿವುಡರಿಗೂ ಕೇಳಿಸುವ ಹಾಗಿತ್ತು.

ಕಚೇರಿಗೆ ಬಂದು ಆ ಭಾಗಕ್ಕೆ ಎರಡು ಇದ್ದದ್ದನ್ನು ಒಂದು ಮಾಡಿ ಮತ್ತೆ ಲೆಕ್ಕ ಹಾಕಿದೆ. ಮೂರು ದಶಾಂಶ ನಾಲ್ಕು. ಡಾಂಬರಿನ ಐದು, ಕಟಕಟೆಯ ಐದು, ಕಿಂಡಿಯ ಐದು ಸೇರಿ ಆ ಸತ್ತ ಕಂಬವನ್ನು ಎತ್ತಿ ಹಿಡಿದಿದ್ದವು. ಇನ್ನು ಮುಚ್ಚಬೇಕೆಂದರೆ ನಾನು ಆ ಒಂದು ಸಾಲು ಬರೆಯಬೇಕು: ಸೂಚ್ಯಂಕ ಏನೇ ಇರಲಿ, ಇದು ಬೀಳುತ್ತದೆ. ಬರೆದರೆ ಆ ಕಾಗದ ಸಂಸ್ಥೆಗೂ ಹೋಗುತ್ತದೆ. ನಾಲ್ಕು ದಿನ ಬಿಟ್ಟು, ಸೂಚ್ಯಂಕಕ್ಕಿಂತ ನಂಬಿಕಸ್ಥವಾದದ್ದು ಇಲ್ಲ ಎಂದು ಮೂವರು ಪರೀಕ್ಷಕರ ಮುಂದೆ ವಾದಿಸಬೇಕಾದವಳು ನಾನೇ. ಎರಡು ವರ್ಷದ ಶನಿವಾರ ಭಾನುವಾರಗಳು, ಬಡ್ತಿ, ಎಲ್ಲವೂ ಆ ಒಂದು ಸಾಲಿನಲ್ಲಿ ಹೊಳೆಪಾಲು.

“ಶನಿವಾರ ಸಂಜೆ ಹಾಕ್ತೀನಿ ಅಣ್ಣ” ಎಂದೆ.

“ಇವತ್ತು ಮಂಗಳವಾರ.”

“ಯಂತ್ರದಿಂದ ಪರೀಕ್ಷೆ ಮಾಡಿಸ್ಬೇಕು. ಹಾಗೇ ಹೇಗೆ...”

ನನ್ನ ಮುಖವನ್ನೇ ನೋಡಿದರು. “ವೈವಾ ಅಲ್ವಾ?”

ತಲೆ ತಗ್ಗಿಸಿದೆ. ಈಗ ಬೈಯುತ್ತಾರೆ, ದೊಡ್ಡ ಸಾಹೇಬರ ಹತ್ತಿರ ಹೋಗುತ್ತಾರೆ ಅಂದುಕೊಂಡೆ. ಅವರು ಪಕ್ಕದ ಕುರ್ಚಿ ಎಳೆದು ಕೂತರು. “ನಾನಂತೂ ಮುಳುಗಿದೆ. ನೀನೂ ಮುಳುಗೋದು ಬೇಡ. ನಾಲ್ಕು ದಿನ ತಾನೆ? ಬೇಸಿಗೆ, ಹೊಳೇಲಿ ನೀರಿಲ್ಲ. ಎರಡು ಗಾಡಿ ಒಟ್ಟಿಗೆ ಹೋಗದ ಹಾಗೆ ನೋಡ್ಕೊಂಡ್ರೆ ತಡೀಬಹುದು. ನಾನು ನಿಂತ್ಕೋತೀನಿ.”

ನನ್ನ ಬದುಕಿನಲ್ಲಿ ಯಾರೂ ನನಗೆ ಇಷ್ಟು ದೊಡ್ಡ ಉಪಕಾರ ಮಾಡಿದ್ದಿಲ್ಲ. ಇಷ್ಟು ದೊಡ್ಡ ತಪ್ಪನ್ನು ಅವರೂ ಮಾಡಿದ್ದಿಲ್ಲ. ಅವತ್ತು ಅವರು ನನ್ನ ಕೆನ್ನೆಗೆ ಬಾರಿಸಿದ್ದರೆ ಚೆನ್ನಾಗಿತ್ತು.

ನಾಲ್ಕು ದಿನ ರಜೆ ಬರೆದುಕೊಟ್ಟು, ಬುಧವಾರದಿಂದ ಸೇತುವೆಯ ಈ ತುದಿಯಲ್ಲಿ ನಿಂತರು. ಕೈಯಲ್ಲಿ ಅತ್ತಿಗೆ ಕೊಟ್ಟ ಕೆಂಪು ಬಟ್ಟೆಯ ತುಂಡು. ಒಂದು ಗಾಡಿ ದಾಟುವ ತನಕ ಇನ್ನೊಂದನ್ನು ತಡೆಯುವುದು, ಆಚೆ ಕಡೆಯವರಿಗೆ ಬಟ್ಟೆ ಬೀಸಿ ನಿಲ್ಲಿಸುವುದು. ಅಧಿಕಾರ ಇಲ್ಲ, ಸಮವಸ್ತ್ರ ಇಲ್ಲ, ಬರೀ ಬಾಯಿ. ಚಾಲಕರು ಬಾಯಿಗೆ ಬಂದ ಹಾಗೆ ಬೈದರು. ಸೇತುವೆ ಹುಚ್ಚ ಎಂದು ಹೆಸರಿಟ್ಟರು. ಗುರುವಾರ ನಾನು ನೀರಿನ ಬಾಟಲಿ ಹಿಡಿದುಕೊಂಡು ಹೋದೆ. ಮುಖ ಸುಟ್ಟು ಕಪ್ಪಾಗಿತ್ತು, ತುಟಿ ಒಡೆದಿತ್ತು.

“ಮೂವತ್ತಾರು ವರ್ಷ ಸೇತುವೆ ಕೆಳಗೇ ಇದ್ದೆ ತಂಗಿ. ಕೊನೆಗೂ ಬಡ್ತಿ ಸಿಕ್ತು ನೋಡು, ಮೇಲೆ ನಿಂತಿದೀನಿ” ಎಂದರು. ಗಟಗಟ ನೀರು ಕುಡಿದರು. ಆಮೇಲೆ ಬೇರೆ ಕಡೆ ನೋಡುತ್ತ, “ಇವತ್ತೇ ಹಾಕಿದ್ರೆ ಆಗಲ್ವಾ?” ಎಂದು ಕೇಳಿದರು. ಅವರು ನನ್ನನ್ನು ಬೇಡಿದ್ದು ಅದೊಂದೇ ಸಲ.

“ಎರಡೇ ದಿನ ಅಣ್ಣ” ಎಂದೆ.

“ಹೂಂ, ಎರಡೇ ದಿನ” ಎಂದರು. ಅಷ್ಟರಲ್ಲಿ ಒಂದು ಟ್ರ್ಯಾಕ್ಟರು ನುಗ್ಗಲು ನೋಡಿತು, ಓಡಿದರು.

ಶನಿವಾರ ಹತ್ತೂವರೆಗೆ ವೈವಾ. ಫೋನುಗಳನ್ನು ಹೊರಗಿನ ಮೇಜಿನ ಮೇಲೆ ಆರಿಸಿಡಬೇಕು, ಇಟ್ಟೆ. ಒಳಗೆ ಮೂವರು ಪರೀಕ್ಷಕರು, ಬಿಸ್ಕತ್ತಿನ ತಟ್ಟೆ, ತಣ್ಣಗಿನ ಕೋಣೆ. ನಾನು ಚೆನ್ನಾಗಿ ಮಾತಾಡಿದೆ. ಹದಿನಾಲ್ಕು ಸೇತುವೆಗಳ ಪಟ್ಟಿ ಪರದೆಯ ಮೇಲೆ ಬಂದಾಗ ಹಿರಿಯ ಪರೀಕ್ಷಕರು ಒಂದು ಪ್ರಶ್ನೆ ಕೇಳಿದರು: “ನಿಮ್ಮ ಸೂಚ್ಯಂಕ ಮೂರರ ಮೇಲಿದೆ. ಹಳೇ ಅನುಭವಸ್ಥರೊಬ್ಬರು ಬಂದು ಮುಚ್ಚಿ ಅಂತಾರೆ. ಯಾವುದನ್ನ ನಂಬ್ತೀರಿ?”

“ಸೂಚ್ಯಂಕವನ್ನ ಸರ್” ಎಂದೆ. ಮೂವರೂ ತಲೆಯಾಡಿಸಿದರು.

ಹೊರಗೆ ಬಂದಾಗ ಹನ್ನೊಂದು ಐವತ್ತು. ಎದೆ ಹಗುರವಾಗಿತ್ತು, ಸುಳ್ಳು ಯಾಕೆ ಹೇಳಲಿ. ಮುಚ್ಚುವ ಆದೇಶದ ನಮೂನೆಯನ್ನು ಚೀಲದಲ್ಲೇ ಇಟ್ಟುಕೊಂಡಿದ್ದೆ. ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಆ ಒಂದು ಸಾಲು ಬರೆದೆ: ‘ಎರಡನೇ ಕಂಬದ ತಲೆ ಶಿಥಿಲ, ತಕ್ಷಣ ಮುಚ್ಚುವುದು.’ ಸಹಿ ಹಾಕಿದೆ, ದಿನಾಂಕ ಹಾಕಿದೆ, ಕೆಳಗಿನ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿ ಕಚೇರಿಗೆ ಕಳಿಸಿದೆ. ಆಮೇಲೆ ಫೋನು ಆನ್ ಮಾಡಿದೆ. ಇಪ್ಪತ್ತಮೂರು ಕರೆ ಬಂದಿದ್ದವು.

ಸೇತುವೆ ಬಿದ್ದದ್ದು ಹನ್ನೊಂದು ಹತ್ತಕ್ಕೆ. ಆಮೇಲೆ ಬಸ್ಸಿನ ಚಾಲಕ ಹೇಳಿದ್ದು ಇದು. ಬಸ್ಸು ಈ ಕಡೆಯಿಂದ ಹತ್ತಿ ಸ್ವಲ್ಪ ದೂರ ಹೋಗಿತ್ತು, ಒಳಗೆ ಮೂವತ್ತೆಂಟು ಜನ. ಆಚೆ ಕಡೆಯಿಂದ ಕಲ್ಲು ತುಂಬಿದ ಲಾರಿಯೊಂದು ಕೆಂಪು ಬಟ್ಟೆಯನ್ನು ಲೆಕ್ಕಿಸದೆ ಏರಿ ಬಂತು. ಸುತ್ತಿಗೆಯಣ್ಣ ಬಸ್ಸಿನ ಬದಿಗೆ ಬಡಿದು, “ಹಿಂದಕ್ಕೆ ತಗೋ, ಹಿಂದಕ್ಕೆ ತಗೋ” ಎಂದು ಕಿರುಚುತ್ತ ಬಸ್ಸನ್ನು ದಾಟಿ ಲಾರಿಯ ಎದುರಿಗೆ ಓಡಿದರು. ಅವರ ದನಿ ಕೇಳಿ ಚಾಲಕ ಹೆದರಿ ಬಸ್ಸನ್ನು ಹಿಂದಕ್ಕೆ ತಂದ. ಮುಂದಿನ ಗಾಲಿ ದಡ ಮುಟ್ಟುವುದಕ್ಕೂ ಎರಡನೇ ಕಂಬದ ಮೇಲಿನ ತೊಲೆ ಜಾರುವುದಕ್ಕೂ ಸರಿಹೋಯಿತು. ಲಾರಿ, ಅದರ ಚಾಲಕ, ನಮ್ಮಣ್ಣ, ಮೂರೂ ಕೆಳಗೆ ಹೋದವು. ಹೊಳೆಯಲ್ಲಿ ನೀರಿರಲಿಲ್ಲ, ಬರೀ ಬಂಡೆ.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂದು ನಾವು ಎಷ್ಟು ಸಲೀಸಾಗಿ ಹೇಳುತ್ತೇವೆ. ನಾನು ಹಾಕಿದ ಬಾಗಿಲಿಗೆ ಸಿಕ್ಕಿದ್ದು ಪ್ರಶಂಸೆ. ಆ ನಮೂನೆಯಲ್ಲಿ ದಿನಾಂಕಕ್ಕೆ ಜಾಗ ಇದೆ, ಗಂಟೆಗೆ ಇಲ್ಲ; ಕಳಿಸಿದ ಹೊತ್ತನ್ನು ಯಾರೂ ತೆಗೆದು ನೋಡಲಿಲ್ಲ. ವಿಚಾರಣೆಗೆ ಬಂದ ಅಧಿಕಾರಿ ಕಾಗದ ತಿರುವಿ ಹಾಕಿ, “ಅವತ್ತೇ ಮುಚ್ಚೋಕೆ ಆದೇಶ ಕೊಟ್ಟಿದ್ರಿ ಅಲ್ವಾ ಮೇಡಂ?” ಎಂದರು. “ಹೌದು” ಎಂದೆ. ಒಂದೇ ಮಾತು. ಸೂಚ್ಯಂಕ ಮೂರರ ಮೇಲಿದ್ದರೂ ಅಪಾಯವನ್ನು ಗುರುತಿಸಿದ ಜಾಗೃತ ಅಧಿಕಾರಿ ಎಂದು ವರದಿಯಲ್ಲಿ ಬರೆದರು. ಪ್ರಮಾಣಪತ್ರ ಬಂತು, ಬಡ್ತಿಯೂ ಬಂತು. ಅದೇ ವರದಿಯ ಇನ್ನೊಂದು ಪುಟದಲ್ಲಿ, ಮೃತರು ಆ ದಿನ ರಜೆಯ ಮೇಲಿದ್ದರು, ಅಲ್ಲಿ ನಿಲ್ಲಲು ಅವರಿಗೆ ಯಾರೂ ಹೇಳಿರಲಿಲ್ಲ, ಆದ್ದರಿಂದ ಕರ್ತವ್ಯದಲ್ಲಿ ಸತ್ತವರೆಂದು ಪರಿಗಣಿಸಲಾಗದು ಎಂದಿತ್ತು. ಪಟ ಹಾಕಿದ್ದು ಸಂಘದವರು, ಇಲಾಖೆಯಲ್ಲ.

ಆ ಎರಡನೇ ಪುಟ ಓದಿದ ದಿನ ನನ್ನ ಕೈಲಿ ತಡೆಯಲಾಗಲಿಲ್ಲ. ಆಸೆ, ಹೆದರಿಕೆ, ನಾಚಿಕೆ ಎಲ್ಲ ಸೇರಿ ಐದು ತಿಂಗಳು ನನ್ನ ಬಾಯಿಗೆ ಹೊಲಿಗೆ ಹಾಕಿದ್ದವು. ಮಧ್ಯಾಹ್ನವೇ ಕಚೇರಿಯಿಂದ ಎದ್ದು ಅವರ ಮನೆಗೆ ಹೋದೆ. ಅತ್ತಿಗೆ ಮಿಷನ್ ಮುಂದೆ ಕೂತಿದ್ದರು, ತೊಡೆಯ ಮೇಲೆ ನೀಲಿ ಅಂಗಿಗಳು. ನನ್ನನ್ನು ನೋಡಿ ಸ್ಟೂಲಿನ ಮೇಲಿದ್ದ ಬಟ್ಟೆ ತೆಗೆದು ಜಾಗ ಮಾಡಿದರು.

“ಅತ್ತಿಗೆ, ಅಣ್ಣನನ್ನ ಅಲ್ಲಿ ನಿಲ್ಲಿಸಿದ್ದು ನಾನು” ಎಂದೆ. ನಿಂತೇ ಹೇಳಿದೆ. ಮಂಗಳವಾರದ ಏಣಿ, ದಬ್ ಎಂದ ಸದ್ದು, ವೈವಾ, ಗುರುವಾರ ಅವರು ಕೇಳಿದ್ದು, ನಾನು ಹೇಳಿದ್ದು, ಹನ್ನೊಂದು ಹತ್ತು, ಹನ್ನೊಂದು ಐವತ್ತು. ಒಂದನ್ನೂ ಬಿಡಲಿಲ್ಲ. ಎಲ್ಲ ಮುಗಿದ ಮೇಲೆ ಅತ್ತಿಗೆ ಸೂಜಿಯಿಂದ ದಾರ ಎಳೆದು ಕತ್ತರಿಸಿದರು.

“ರಜೆ ಮೇಲಿದ್ರು, ಯಾರೂ ಹೇಳಿರಲಿಲ್ಲ ಅಂತ ಬರ್ದಿದ್ದಾರಲ್ಲ. ನೀನು ಈಗ ಹೇಳಿದ್ದನ್ನ ಬರ್ದು ಕೊಡ್ತೀಯಾ?”

“ಕೊಡ್ತೀನಿ ಅತ್ತಿಗೆ.”

“ಈಗಲೇ?”

“ಈಗಲೇ.”

ಅವರು ಬಟ್ಟೆಯ ಅಳತೆ ಬರೆದುಕೊಳ್ಳುವ ಪುಸ್ತಕದಿಂದ ಎರಡು ಹಾಳೆ ಹರಿದು ಕೊಟ್ಟರು. ಮಿಷನ್ನಿನ ಹಲಗೆಯ ಮೇಲೆ ಇಟ್ಟುಕೊಂಡು ಬರೆದೆ. ನನ್ನ ಒಪ್ಪಿಗೆಯಿಂದಲೇ ಅವರು ಅಲ್ಲಿ ನಿಂತದ್ದು, ನಾನು ಸಹಿಯನ್ನು ಯಾಕೆ ತಡೆದೆ ಎನ್ನುವುದು, ಗಂಟೆ ನಿಮಿಷ ಎಲ್ಲ ಬರೆದು, ಕೆಳಗೆ ಹೆಸರು, ಹುದ್ದೆ, ಸಹಿ ಹಾಕಿದೆ. ಇದು ಹೋದರೆ ನನ್ನ ಕೆಲಸವೂ ಹೋಗುತ್ತದೆ ಎಂದು ಗೊತ್ತಿತ್ತು. ಈಗ ಹೋಗುತ್ತಲೂ ಇದೆ, ಆ ಮಾತು ಇಲ್ಲಿ ಬೇಡ. ಅತ್ತಿಗೆ ಪಕ್ಕದಲ್ಲಿ ನಿಂತು ನನ್ನ ಕೈಯನ್ನೇ ನೋಡುತ್ತಿದ್ದರು. ನಾನು ಪೆನ್ನು ಮುಚ್ಚಿದ ಮೇಲೆ ಹಾಳೆ ತೆಗೆದುಕೊಂಡು ಎರಡು ಸಲ ಓದಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಅವತ್ತು ಬರೀಬೇಕಾಗಿದ್ದಿದ್ದೂ ಇಷ್ಟೇ ಹೊತ್ತು ಹಿಡೀತಿತ್ತಾ?”

“ಇಷ್ಟೂ ಇಲ್ಲ ಅತ್ತಿಗೆ” ಎಂದೆ. “ಅದು ಒಂದೇ ಸಾಲು.”